ತಮ್ಮನ ಮಜ್ಜೆಯೋ, ಅಪ್ಪನದೋ, ಹೊಕ್ಕುಳಬಳ್ಳಿಯೋ, ಲ್ಯಾಬಿನಲ್ಲಿ ಬೆಳೆಸಿದ್ದೋ? ಸ್ಟೆಮ್ ಸೆಲ್ ಕಸಿಗೆ ಮುಂಬಯಿಗೆ ಬರುವವರಿಗೆ ಒಂದು ಹೋಲಿಕೆ

ಕಳೆದ ಭಾನುವಾರ ಪರೇಲಿನ ಧರ್ಮಶಾಲೆಯೊಂದರಲ್ಲಿ ಅಫಜಲಪುರ ಕಡೆಯ ತಂದೆಯೊಬ್ಬರು ಫೋನು ಮುಂದೆ ಹಿಡಿದು ಕೇಳಿದರು: "ಅಕ್ಕಾ, ಲ್ಯಾಬಿನ್ಯಾಗ ರಕ್ತದ ಸ್ಟೆಮ್ ಸೆಲ್ ಬೆಳೆಸ್ಯಾರಂತ. ಇನ್ನೊಂದೆರಡು ವರ್ಷ ಕಾದ್ರ ನನ್ನ ಮಗಳಿಗೆ ಅದನ್ನ ಹಾಕಸಬಹುದೇನು?" ಮಗಳಿಗೆ ಆರು ವರ್ಷ. ಥಲಸ್ಸೀಮಿಯಾ ಮೇಜರ್, ಅಂದರೆ ದೇಹ ಸರಿಯಾದ ಕೆಂಪು ಕಣ ಮಾಡಲಾರದ, ಹುಟ್ಟಿನಿಂದ ಬರುವ ರೋಗ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು.

ಅದೇ ವಾರ ಡೊಂಬಿವಲಿಯ ಒಬ್ಬ ಹುಡುಗಿ ಕರೆ ಮಾಡಿದ್ದಳು. ಏಳು ತಿಂಗಳ ಬಸುರಿ. ಹೊಕ್ಕುಳಬಳ್ಳಿಯ ರಕ್ತವನ್ನು ಖಾಸಗಿ ಬ್ಯಾಂಕಿನಲ್ಲಿ ಇಡಬೇಕಾ ಬೇಡವಾ ಅಂತ ಅತ್ತೆ ಮನೆಯಲ್ಲಿ ದಿನವೂ ಚರ್ಚೆ. ಮೂರನೆಯವರು ಖಾರ್ಘರಿನಲ್ಲಿ ಅಣ್ಣನನ್ನು ರಕ್ತದ ಕ್ಯಾನ್ಸರಿಗೆ ತೋರಿಸುತ್ತಿರುವವರು. ಅಣ್ಣನಿಗೆ ಪೂರ್ತಿ ಹೊಂದುವ ದಾನಿ ಮನೆಯಲ್ಲಿ ಇಲ್ಲ. ಅರ್ಧ ಹೊಂದುವ ಮಗನಿಂದ ತೆಗೆದುಕೊಳ್ಳುವುದಾ, ದಾನಿಗಳ ನೋಂದಣಿಯಲ್ಲಿ ಹೆಸರಿರುವ ಹೊರಗಿನ ದಾನಿಗೆ ಕಾಯುವುದಾ?

ಮೂವರ ಪ್ರಶ್ನೆಯೂ ಒಂದೇ. ರಕ್ತದ ಸ್ಟೆಮ್ ಸೆಲ್ ಎಲ್ಲಿಂದ ತರುವುದು? ಆದರೆ ಮೂವರಿಗೂ ಉತ್ತರ ಒಂದೇ ಅಲ್ಲ. ಅದಕ್ಕೇ ಇದನ್ನು ಕೂತು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲ ಇದೇ ಊರಿನಲ್ಲಿ ರಕ್ತದ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಸ್ಟೆಮ್ ಸೆಲ್ ಎಣಿಸುವುದು, ಹೆಪ್ಪುಗಟ್ಟಿಸಿ ಇಟ್ಟ ಬ್ಯಾಗನ್ನು ರೋಗಿಯ ಹಾಸಿಗೆ ಪಕ್ಕ ಕರಗಿಸಿ ಕೊಡುವುದು ನನ್ನ ಕೆಲಸವಾಗಿತ್ತು. ಈಗ ಭಾನುವಾರ ಕನ್ನಡದ ಕುಟುಂಬಗಳ ಜೊತೆ ಕೂತು ಫೈಲು ಓದಿ ಹೇಳುತ್ತೇನೆ. ಕೊನೆಯ ತೀರ್ಮಾನ ನಿಮ್ಮ ಡಾಕ್ಟರದ್ದು. ಅವರ ಮುಂದೆ ಏನು ಕೇಳಬೇಕು ಅನ್ನುವುದು ನಿಮಗೆ ಗೊತ್ತಿರಲಿ ಅಂತ ಇದು.

ಬಿತ್ತುವ ಜೋಳ, ತಿನ್ನುವ ಜೋಳ

ಮನೆಯಲ್ಲಿ ಜೋಳದ ಚೀಲ ಇರುತ್ತದೆ. ಹೆಚ್ಚಿನದು ರೊಟ್ಟಿಗೆ. ಒಂದಿಷ್ಟನ್ನು ಮಾತ್ರ ಬೇರೆ ಗಡಿಗೆಯಲ್ಲಿ ಬಿತ್ತನೆಗೆ ಇಡುತ್ತಾರೆ. ಮನೆ ಎಷ್ಟೇ ಹಸಿದರೂ ಆ ಗಡಿಗೆಗೆ ಕೈ ಹಾಕುವುದಿಲ್ಲ. ಮೂಳೆಯ ಮಜ್ಜೆಯಲ್ಲಿರುವ ರಕ್ತದ ಸ್ಟೆಮ್ ಸೆಲ್ ಈ ಬಿತ್ತುವ ಜೋಳ. ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಎಲ್ಲ ಇದರಿಂದಲೇ ಹುಟ್ಟುತ್ತವೆ. ಅಷ್ಟು ಕೊಟ್ಟ ಮೇಲೂ ಅದು ತನ್ನಂಥದೇ ಇನ್ನೊಂದನ್ನು ಉಳಿಸಿಕೊಳ್ಳುತ್ತದೆ. ದೊಡ್ಡವರ ದೇಹದಲ್ಲಿ ಒಂದು ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣ ಹುಟ್ಟುತ್ತವೆ. ಅಷ್ಟಕ್ಕೂ ಮೂಲ ಈ ಒಂದಿಷ್ಟು ಬೀಜ.

ಬೀಜವೇ ಕೆಟ್ಟಿದ್ದರೆ ಹೊಲ ಹಸನು ಮಾಡಿ ಬೇರೆ ಬೀಜ ಬಿತ್ತಬೇಕು. ಕಸಿ ಅಂದರೆ ಅದೇ. ಕೀಮೋ ಕೊಟ್ಟು ಹಳೆಯ ಮಜ್ಜೆಯನ್ನು ತೆಗೆಯುತ್ತಾರೆ, ಹೊಸ ಸ್ಟೆಮ್ ಸೆಲ್ಲನ್ನು ರಕ್ತನಾಳದ ಮೂಲಕ ಹನಿಸುತ್ತಾರೆ. ಆಪರೇಷನ್ ಇಲ್ಲ, ಹೊಲಿಗೆ ಇಲ್ಲ. ನಮ್ಮ ದೇಶದಲ್ಲಿ ಇದು ಮೊದಲು ಯಶಸ್ವಿಯಾದದ್ದು 1983ರಲ್ಲಿ, ಇದೇ ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ, ಡಾ. ಸುರೇಶ್ ಅಡ್ವಾಣಿ ಅವರ ಕೈಯಲ್ಲಿ.

ಅಳತೆಗೋಲು ಮೊದಲು

ಯಾವ ಬೀಜ ಒಳ್ಳೆಯದು ಅಂತ ಕೇಳುವ ಮೊದಲು ಯಾವುದರಿಂದ ಅಳೆಯುವುದು ಅಂತ ಕೇಳಿ. ನಾನು ಫೈಲು ಕೈಗೆತ್ತಿಕೊಂಡಾಗ ನೋಡುವುದು ಇಷ್ಟು.

ಮೊದಲನೆಯದು ಅವಸರ. ರಕ್ತದ ಕ್ಯಾನ್ಸರಿನಲ್ಲಿ ರೋಗ ಹಿಡಿತಕ್ಕೆ ಬಂದ ಮೇಲೆ ಸಿಗುವ ಸಮಯ ಚಿಕ್ಕದು, ವಾರಗಳ ಲೆಕ್ಕ. ಥಲಸ್ಸೀಮಿಯಾದಲ್ಲಿ ಸಮಯ ಇದೆ ಅನಿಸುತ್ತದೆ, ಆದರೆ ಅದಕ್ಕೂ ಬೆಲೆ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಎರಡನೆಯದು ಎಚ್‌ಎಲ್‌ಎ ಹೊಂದಾಣಿಕೆ. ಇದು ಎ, ಬಿ, ಓ ಗುಂಪು ಅಲ್ಲ. ದೇಹದ ಹೆಚ್ಚುಕಡಿಮೆ ಎಲ್ಲ ಸೆಲ್‌ಗಳ ಮೈಮೇಲಿರುವ ಗುರುತು. ಅರ್ಧ ಅಪ್ಪನಿಂದ, ಅರ್ಧ ಅಮ್ಮನಿಂದ ಬರುತ್ತದೆ. ಗುರುತು ತಪ್ಪಿದರೆ ಹೊಸ ಬಿಳಿ ಕಣಗಳು ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೇ ತಿರುಗಿ ಬೀಳಬಹುದು. ಇದನ್ನು ಆಸ್ಪತ್ರೆಯಲ್ಲಿ ಜಿವಿಎಚ್‌ಡಿ ಅನ್ನುತ್ತಾರೆ. ಕಸಿ ಆದವರ ಬಾಯಲ್ಲಿ ಅತಿ ಹೆಚ್ಚು ಕೇಳುವ ಪದ ಇದೇ.

ಮೂರನೆಯದು ಸೆಲ್ಲಿನ ಸಂಖ್ಯೆ ಮತ್ತು ರೋಗಿಯ ತೂಕ. ರೋಗಿಯ ಪ್ರತಿ ಕೆಜಿ ತೂಕಕ್ಕೆ ಕನಿಷ್ಠ 20 ಲಕ್ಷ ಸಿಡಿ34 ಸೆಲ್ (ಸ್ಟೆಮ್ ಸೆಲ್ ಎಣಿಸಲು ನಾವು ನೋಡುವ ಗುರುತು ಇರುವ ಸೆಲ್) ಬೇಕು ಅನ್ನುವುದು ಮಜ್ಜೆಗೂ ದಾನಿಯ ರಕ್ತದಿಂದ ತೆಗೆದದ್ದಕ್ಕೂ ವಾಡಿಕೆಯ ಲೆಕ್ಕ. ಹದಿನೈದು ಕೆಜಿಯ ಮಗುವಿಗೂ ಎಪ್ಪತ್ತು ಕೆಜಿಯ ಗಂಡಸಿಗೂ ಒಂದೇ ಚೀಲ ಸಾಲುವುದಿಲ್ಲ ಅಲ್ವಾ? ಲ್ಯಾಬಿನಲ್ಲಿ ಬೆಳೆಸುವ ಮಾತು ಹುಟ್ಟಿದ್ದೇ ಈ ಲೆಕ್ಕದಿಂದ.

ನಾಲ್ಕನೆಯದು, ಬಿಳಿ ಕಣ ಏಳಲು ಎಷ್ಟು ದಿನ. ಸೋಂಕಿನ ಜೊತೆ ಹೋರಾಡುವ ಬಿಳಿ ಕಣವಾದ ನ್ಯೂಟ್ರೋಫಿಲ್ 500 ದಾಟಿ ಮೂರು ದಿನ ನಿಂತರೆ 'ಹಿಡಿಯಿತು' ಅನ್ನುತ್ತೇವೆ, ಸಸಿ ಬೇರು ಹಿಡಿದ ಹಾಗೆ. ಅಲ್ಲಿಯವರೆಗೆ ಒಂದು ಸಣ್ಣ ಸೋಂಕೂ ಪ್ರಾಣಕ್ಕೆ ಬರಬಹುದು.

ಐದನೆಯದು ಹಣ, ಜೊತೆಗೆ ಈ ಊರಿನಲ್ಲಿ ನೂರು ದಿನ ಇರಲು ಜಾಗ. ಆರನೆಯದು, ಮನುಷ್ಯರಲ್ಲಿ ಎಷ್ಟು ವರ್ಷದ ಅನುಭವ ಇದೆ ಅನ್ನುವುದು. ಈ ಆರನೆಯದನ್ನು ಜನ ಕೇಳುವುದೇ ಇಲ್ಲ. ನಾನು ಮೊದಲು ಕೇಳುವುದೇ ಅದನ್ನು.

ಒಡಹುಟ್ಟಿದವರು

ಪೂರ್ತಿ ಹೊಂದುವ ಅಣ್ಣ, ತಂಗಿ, ಅಕ್ಕ, ತಮ್ಮ ಇದ್ದರೆ ಹುಡುಕಾಟ ಅಲ್ಲಿಗೇ ನಿಲ್ಲಬಹುದು. ಒಬ್ಬೊಬ್ಬ ಒಡಹುಟ್ಟಿದವರು ಹೊಂದುವ ಅವಕಾಶ ನಾಲ್ಕರಲ್ಲಿ ಒಂದು. ಇಬ್ಬರಿದ್ದರೆ ಕನಿಷ್ಠ ಒಬ್ಬರು ಹೊಂದುವ ಅವಕಾಶ ಸುಮಾರು ನೂರಕ್ಕೆ 44. ಮನೆಯಲ್ಲಿ ಒಂದೇ ಮಗು ಇರುವವರಿಗೆ ಈ ಬಾಗಿಲು ಇಲ್ಲ. ಅದು ಯಾರ ತಪ್ಪೂ ಅಲ್ಲ.

ಥಲಸ್ಸೀಮಿಯಾದ ಮಕ್ಕಳಲ್ಲಿ ಯಕೃತ್ತು ಇನ್ನೂ ಕೆಡದೆ ಇದ್ದು, ಒಡಹುಟ್ಟಿದವರ ಮಜ್ಜೆ ಸಿಕ್ಕರೆ, ಒಳ್ಳೆಯ ಕೇಂದ್ರಗಳಲ್ಲಿ ನೂರಕ್ಕೆ ತೊಂಬತ್ತರ ಆಸುಪಾಸು ಮಕ್ಕಳು ಬದುಕಿ ಬಾಳುತ್ತಾರೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಪದೇ ಪದೇ ಎದುರಾಗುತ್ತದೆ. 'ತಮ್ಮನಿಗೂ ಥಲಸ್ಸೀಮಿಯಾ ಮೈನರ್ ಇದೆ, ಅವನು ಕೊಡೋ ಹಾಗಿಲ್ಲ' ಅಂತ ಊರಿನಲ್ಲೇ ಯಾರೋ ಹೇಳಿ ಕಳಿಸಿರುತ್ತಾರೆ. ಮೈನರ್ ಅಂದರೆ ಕೆಟ್ಟ ಜೀನ್ ಒಂದೇ ಇರುವುದು, ರೋಗ ಇರುವುದಿಲ್ಲ. ಅಂಥವರೂ ಕೊಡಬಹುದು. ಎಚ್‌ಎಲ್‌ಎ ಹೊಂದಬೇಕು, ಅಷ್ಟೇ.

ಕೊಡುವವರ ಭಯವೂ ದೊಡ್ಡದು. ಬೆನ್ನುಹುರಿಗೆ ಸೂಜಿ ಹಾಕುವುದಿಲ್ಲ. ಪ್ರಜ್ಞೆ ತಪ್ಪಿಸಿ ಸೊಂಟದ ಹಿಂದಿನ ಮೂಳೆಯಿಂದ ಮಜ್ಜೆ ತೆಗೆಯುತ್ತಾರೆ. ಕೆಲವು ದಿನ ಜಾರಿ ಬಿದ್ದ ಹಾಗೆ ನೋವಿರುತ್ತದೆ. ಕೆಲವೇ ವಾರಗಳಲ್ಲಿ ಮಜ್ಜೆ ಮತ್ತೆ ತುಂಬುತ್ತದೆ. ದೊಡ್ಡವರಾದರೆ ನಾಲ್ಕೈದು ದಿನ ಇಂಜೆಕ್ಷನ್ ಕೊಟ್ಟು ಸ್ಟೆಮ್ ಸೆಲ್ಲನ್ನು ರಕ್ತಕ್ಕೆ ಇಳಿಸಿ, ಯಂತ್ರದಿಂದ ನಾಲ್ಕೈದು ಗಂಟೆಯಲ್ಲಿ ಸೋಸಿ ತೆಗೆಯುವುದೂ ಇದೆ. ಥಲಸ್ಸೀಮಿಯಾಗೆ ಹೆಚ್ಚಿನ ಡಾಕ್ಟರು ಮಜ್ಜೆಯನ್ನೇ ಇಷ್ಟಪಡುತ್ತಾರೆ, ದೀರ್ಘಕಾಲದ ಜಿವಿಎಚ್‌ಡಿ ಅದರಲ್ಲಿ ಕಡಿಮೆ.

ಖರ್ಚು? ಖಾಸಗಿಯಲ್ಲಿ ಒಡಹುಟ್ಟಿದವರ ಕಸಿಗೆ 10ರಿಂದ 15 ಲಕ್ಷ ಅಂತ ಸಾಮಾನ್ಯವಾಗಿ ಹೇಳುತ್ತಾರೆ, ತೊಡಕು ಬಂದರೆ ಏರುತ್ತದೆ. ಬೊರಿವಲಿಯಲ್ಲಿ ಮುಂಬಯಿ ಮಹಾನಗರ ಪಾಲಿಕೆಯದೇ ಥಲಸ್ಸೀಮಿಯಾ ಮತ್ತು ಮಕ್ಕಳ ಮಜ್ಜೆ ಕಸಿಯ ಕೇಂದ್ರ ಇದೆ. ಕೋಲ್ ಇಂಡಿಯಾದ ಥಲಸ್ಸೀಮಿಯಾ ಬಾಲ ಸೇವಾ ಯೋಜನೆ 2017ರಿಂದ ನಡೆಯುತ್ತಿದೆ. ಅನುಕೂಲ ಇಲ್ಲದ ಕುಟುಂಬದ ಮಗುವಿಗೆ ಹೊಂದುವ ಒಡಹುಟ್ಟು ಇದ್ದರೆ, ಆಯ್ದ ಆಸ್ಪತ್ರೆಗಳಲ್ಲಿ 10 ಲಕ್ಷದವರೆಗೆ ಕೊಡುತ್ತದೆ. ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಕೋಣೆಗೆ ಮೊದಲ ದಿನವೇ ಹೋಗಿ. ಡಾಕ್ಟರ ಕೋಣೆಯಷ್ಟೇ ಮುಖ್ಯ ಅದು.

ಅರ್ಧ ಹೊಂದುವ ಅಪ್ಪ, ಅಮ್ಮ, ಮಗ, ಮಗಳು

ಹೆತ್ತವರು ಯಾವಾಗಲೂ ಅರ್ಧ ಹೊಂದುತ್ತಾರೆ. ಮಕ್ಕಳೂ ಅಷ್ಟೇ. ಅಂದರೆ ದಾನಿ ಇಲ್ಲದ ಮನೆ ಈಗ ತೀರಾ ಅಪರೂಪ. ಹಿಂದೆ ಇದು ಅಪಾಯದ ದಾರಿಯಾಗಿತ್ತು. ಅದನ್ನು ಬದಲಿಸಿದ್ದು ಒಂದು ಹಳೆಯ, ಅಗ್ಗದ ಔಷಧ, ಸೈಕ್ಲೋಫಾಸ್ಫಮೈಡ್. ಕಸಿಯಾದ ಮೂರನೆಯ ಮತ್ತು ನಾಲ್ಕನೆಯ ದಿನ ಇದನ್ನು ಕೊಟ್ಟರೆ ರೋಗಿಯ ಮೇಲೆ ತಿರುಗಿ ಬೀಳುವ ಸೆಲ್‌ಗಳು ಸಾಯುತ್ತವೆ, ಸ್ಟೆಮ್ ಸೆಲ್ ಉಳಿಯುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಈ ವಿಧಾನ ಬೆಳೆಯಿತು. ನಮ್ಮಂಥ ದೇಶಕ್ಕೆ ಇದು ವರವೇ ಸರಿ.

ಖಾರ್ಘರಿನ ಆ ತಮ್ಮನ ಪ್ರಶ್ನೆಗೆ ಹಾಗಾಗಿ ನನ್ನ ಒಲವು ಸ್ಪಷ್ಟ. ರೋಗ ಹಿಡಿತದಲ್ಲಿದೆ, ಸಮಯ ಇಲ್ಲ, ಮಗ ಗಟ್ಟಿಮುಟ್ಟಾಗಿ ಎದುರಿಗೇ ನಿಂತಿದ್ದಾನೆ. ನೋಂದಾಯಿತ ದಾನಿ ಮೂರು ತಿಂಗಳ ನಂತರ ಸಿಗಬಹುದು, ಸಿಗದೆಯೂ ಇರಬಹುದು. ಡಾಕ್ಟರ್ ಒಪ್ಪಿದರೆ ಮಗನಿಂದಲೇ ತೆಗೆದುಕೊಳ್ಳಿ ಅಂದೆ.

ಆದರೆ ಥಲಸ್ಸೀಮಿಯಾ ಮಗುವಿಗೆ ಇದೇ ಮಾತನ್ನು ಅಷ್ಟು ಸುಲಭವಾಗಿ ಹೇಳಲಾರೆ. ವರ್ಷಗಟ್ಟಲೆ ಬೇರೆಯವರ ರಕ್ತ ಹಾಕಿಸಿಕೊಂಡ ದೇಹ ಹೊಸ ಬೀಜವನ್ನು ಹೊರದಬ್ಬುವುದು ಜಾಸ್ತಿ. ಅದಕ್ಕೆ ಮೊದಲೇ ತಿಂಗಳುಗಟ್ಟಲೆ ಔಷಧ ಕೊಟ್ಟು ಸಿದ್ಧ ಮಾಡುತ್ತಾರೆ. ಖರ್ಚೂ ಒಡಹುಟ್ಟಿನ ಕಸಿಯ ಒಂದೂವರೆ, ಎರಡು ಪಟ್ಟು ಆಗಬಹುದು. ಇದನ್ನು ಆರಿಸುವುದಾದರೆ, 'ನೀವು ಥಲಸ್ಸೀಮಿಯಾದಲ್ಲೇ ಅರ್ಧ ಹೊಂದಾಣಿಕೆಯ ಕಸಿ ಎಷ್ಟು ಮಾಡಿದ್ದೀರಿ, ಅದರಲ್ಲಿ ಎಷ್ಟು ಹಿಡಿಯಿತು?' ಅಂತ ನೇರವಾಗಿ ಕೇಳಿ. ಒಳ್ಳೆಯ ಡಾಕ್ಟರಿಗೆ ಈ ಪ್ರಶ್ನೆಯಿಂದ ಬೇಸರ ಆಗುವುದಿಲ್ಲ.

ನೋಂದಾಯಿತ ದಾನಿ

ಜಗತ್ತಿನ ನೋಂದಣಿಗಳಲ್ಲಿ 4 ಕೋಟಿಗಿಂತ ಹೆಚ್ಚು ದಾನಿಗಳ ಹೆಸರಿದೆ. ಆದರೆ ಎಚ್‌ಎಲ್‌ಎ ನಮ್ಮ ನಮ್ಮ ಜನಾಂಗದ ಒಳಗೇ ಹೊಂದುವುದು ಹೆಚ್ಚು. ಭಾರತದ ನೋಂದಣಿಗಳಲ್ಲಿ ಇರುವುದು ಕೆಲವೇ ಲಕ್ಷ. ಕಲಬುರಗಿಯ ಒಂದು ಸಮುದಾಯದ ಮಗುವಿಗೆ ಜರ್ಮನಿಯಲ್ಲಿ ದಾನಿ ಸಿಗುವುದು ಕಷ್ಟ. ಸಿಕ್ಕರೂ ಹೊರದೇಶದಿಂದ ತರಿಸುವ ಖರ್ಚು ಕಸಿಯ ಖರ್ಚಿಗೇ ಸಮ ಆಗಬಹುದು. ಚೆನ್ನೈನ ದಾತ್ರಿ, ಬೆಂಗಳೂರಿನ ಡಿಕೆಎಂಎಸ್, ಮುಂಬಯಿಯ ಮ್ಯಾರೋ ಡೋನರ್ ರಿಜಿಸ್ಟ್ರಿ ನಮ್ಮಲ್ಲಿ ಕೆಲಸ ಮಾಡುತ್ತಿವೆ. ಹುಡುಕಾಟವನ್ನು ಡಾಕ್ಟರ ಮೂಲಕ ಶುರು ಮಾಡಿಸಿ, ಜೊತೆಗೇ ಮನೆಯ ಅರ್ಧ ಹೊಂದಾಣಿಕೆಯ ದಾನಿಯನ್ನೂ ಸಿದ್ಧ ಇಟ್ಟುಕೊಳ್ಳಿ. ಒಂದಕ್ಕೇ ಕಾದು ಕೂರಬೇಡಿ.

ಹೊಕ್ಕುಳಬಳ್ಳಿಯ ರಕ್ತ

1988ರಲ್ಲಿ ಪ್ಯಾರಿಸ್ಸಿನಲ್ಲಿ ಡಾ. ಎಲಿಯಾನ್ ಗ್ಲುಕ್‌ಮನ್ ಅವರು ಫ್ಯಾಂಕೋನಿ ಅನೀಮಿಯಾ (ಮಜ್ಜೆ ಸೋಲುವ, ಹುಟ್ಟಿನಿಂದ ಬರುವ ರೋಗ) ಇದ್ದ ಹುಡುಗನಿಗೆ ಅವನ ಪುಟ್ಟ ತಂಗಿಯ ಹೊಕ್ಕುಳಬಳ್ಳಿಯ ರಕ್ತ ಕೊಟ್ಟು ಮೊದಲ ಕಸಿ ಮಾಡಿದರು. ಇದರ ಗುಣ ದೊಡ್ಡದು. ಸೆಲ್‌ಗಳು ಎಳೆಯವು, ಹೊಂದಾಣಿಕೆ ಸ್ವಲ್ಪ ತಪ್ಪಿದರೂ ಜಗಳಕ್ಕೆ ಇಳಿಯುವುದು ಕಡಿಮೆ. ಕೊರತೆಯೂ ದೊಡ್ಡದೇ. ಒಂದು ಬಳ್ಳಿಯಲ್ಲಿ ಸಿಗುವುದು ಒಂದು ಲೋಟದಷ್ಟು ರಕ್ತ, ಅದರಲ್ಲಿ ಸ್ಟೆಮ್ ಸೆಲ್ ದೊಡ್ಡವರ ದಾನದ ಹತ್ತರಲ್ಲಿ ಒಂದು ಪಾಲು. ಬಿಳಿ ಕಣ ಏಳಲು ಮೂರು, ನಾಲ್ಕು ವಾರ.

ನಾನು ಕರಗಿಸಿದ ಬ್ಯಾಗುಗಳಲ್ಲಿ ಅತ್ಯಂತ ಚಿಕ್ಕವು ಇವೇ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ತೆಗೆದಾಗ ಒಂದು ಬಿಸ್ಕತ್ತಿನ ಪೊಟ್ಟಣದಷ್ಟು ಗಟ್ಟಿ ತಗಡು. 37 ಡಿಗ್ರಿಯ ನೀರಿನಲ್ಲಿ ಇಳಿಬಿಟ್ಟರೆ ನಿಮಿಷಗಳಲ್ಲೇ ಅಂಚಿನಿಂದ ಒಳಕ್ಕೆ ಕೆಂಪಾಗಿ ಕರಗುತ್ತಾ ಬರುತ್ತದೆ. ನಡುವೆ ಕಡಲೆಕಾಳಿನಷ್ಟು ಮಂಜು ಉಳಿದಾಗ ಹೊರಗೆ ತೆಗೆಯಬೇಕು. ಸೆಲ್ ಕಾಪಾಡಲು ಹಾಕಿದ ಡಿಎಂಎಸ್‌ಓ ಎಂಬ ದ್ರಾವಣದ ವಾಸನೆ ರೋಗಿಯ ಉಸಿರಿನಲ್ಲಿ ಬರುತ್ತದೆ, ಬೆಳ್ಳುಳ್ಳಿಯ ಹಾಗೆ. ಕೋಣೆಯ ತುಂಬ ಒಂದು ದಿನ ಅದೇ ವಾಸನೆ. ಮೊದಲೇ ಹೇಳಿರದಿದ್ದರೆ ತಾಯಂದಿರು ಗಾಬರಿಯಾಗುತ್ತಾರೆ.

ಈಗ ಡೊಂಬಿವಲಿಯ ಹುಡುಗಿಯ ಪ್ರಶ್ನೆ. ಖಾಸಗಿ ಬ್ಯಾಂಕಿನಲ್ಲಿ ಸ್ವಂತ ಮಗುವಿಗಾಗಿ ಇಡಬೇಕಾ? ಬೇಡ. ಈ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2017ರ ಮಾರ್ಗಸೂಚಿಯಲ್ಲೇ ಹೇಳಿದೆ, ಮುಂದೆ ಸ್ವಂತಕ್ಕೆ ಬೇಕಾಗುತ್ತದೆ ಅಂತ ಹೀಗೆ ಕೂಡಿಡುವುದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಅಂತ. ಯೋಚಿಸಿ ನೋಡಿ. ಮಗುವಿಗೆ ಥಲಸ್ಸೀಮಿಯಾ ಇದ್ದರೆ ಅದರ ಬಳ್ಳಿಯ ರಕ್ತದಲ್ಲೂ ಅದೇ ಕೆಟ್ಟ ಜೀನ್ ಇರುತ್ತದೆ. ಹುಳ ಬಿದ್ದ ಬೀಜವನ್ನೇ ಮತ್ತೆ ಬಿತ್ತಿದ ಹಾಗೆ. ಮಕ್ಕಳ ರಕ್ತದ ಕ್ಯಾನ್ಸರ್ ಲ್ಯುಕೀಮಿಯಾದಲ್ಲೂ ಎಷ್ಟೋ ಸಲ ರೋಗದ ಮೊದಲ ಗುರುತು ಹುಟ್ಟುವಾಗಲೇ ರಕ್ತದಲ್ಲಿ ಇರುತ್ತದೆ.

ಪುಣೆಯಲ್ಲಿರುವ ನನ್ನ ತಂಗಿ ನನ್ನನ್ನು ಕೇಳುವ ಮೊದಲೇ ಹಣ ಕಟ್ಟಿದ್ದಳು. ಸ್ಕ್ಯಾನಿಂಗಿಗೆ ಸಾಲಿನಲ್ಲಿ ಕೂತಿದ್ದಾಗ ಯಾರೋ ಬಂದು, 'ನಿಮ್ಮ ಮಗುವಿನ ಭವಿಷ್ಯಕ್ಕೆ ಇಷ್ಟೂ ಮಾಡಲ್ವಾ?' ಅಂದರಂತೆ. ಬಸುರಿಗೆ ಹಾಗೆ ಕೇಳಿದರೆ ಇಲ್ಲ ಅನ್ನಲು ಬಾಯಿ ಬರುತ್ತದಾ? ಆಮೇಲೆ ನಾನು ವರದಿ ತರಿಸಿ ನೋಡಿದೆ. ಅದರಲ್ಲಿದ್ದ ಸೆಲ್ ಎಣಿಕೆ ಐದು ಕೆಜಿಯ ಕೂಸಿಗೂ ಸಾಲುವಷ್ಟಿರಲಿಲ್ಲ. ಕಂತು ಮಾತ್ರ ವರ್ಷ ವರ್ಷ ಹೋಗುತ್ತಿತ್ತು. ನನಗೆ ಇವತ್ತಿಗೂ ಅದರ ಸಿಟ್ಟು ಇಳಿದಿಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ಖಂಡಿತ ಇಡಿ. ಮನೆಯಲ್ಲಿ ಈಗಾಗಲೇ ಕಸಿ ಬೇಕಾದ ದೊಡ್ಡ ಮಗು ಇದ್ದರೆ, ಹುಟ್ಟಲಿರುವ ಮಗುವಿನ ಬಳ್ಳಿಯ ರಕ್ತವನ್ನು ಬಿಸಾಡಬೇಡಿ. ಹೆರಿಗೆಗೆ ಎರಡು ಮೂರು ತಿಂಗಳ ಮೊದಲೇ ರಕ್ತರೋಗದ ಡಾಕ್ಟರಿಗೆ ಹೇಳಿ. ಎಚ್‌ಎಲ್‌ಎ ಹೊಂದಿದರೆ ಮಜ್ಜೆಯ ಜೊತೆ ಸೇರಿಸಿ ಕೊಡಬಹುದು.

ಲ್ಯಾಬಿನಲ್ಲಿ ಬೆಳೆಸಿದ್ದು

ಅಫಜಲಪುರದ ತಂದೆ ಫೋನಿನಲ್ಲಿ ತೋರಿಸಿದ ಸುದ್ದಿ ಸುಳ್ಳಲ್ಲ. ಆದರೆ 'ಲ್ಯಾಬಿನಲ್ಲಿ ಬೆಳೆಸಿದ್ದು' ಅನ್ನುವ ಒಂದೇ ಮಾತಿನ ಕೆಳಗೆ ಮೂರು ನಾಲ್ಕು ಬೇರೆ ಬೇರೆ ಕೆಲಸಗಳಿವೆ. ಅವನ್ನು ಬಿಡಿಸಿ ನೋಡಬೇಕು.

ಮೊದಲು, ಇದು ಯಾಕೆ ಕಷ್ಟ? ಸ್ಟೆಮ್ ಸೆಲ್ಲನ್ನು ತಟ್ಟೆಯಲ್ಲಿ ಹಾಕಿ ಪೋಷಕ ದ್ರವ ಕೊಟ್ಟರೆ ಸಂಖ್ಯೆ ಹೆಚ್ಚುತ್ತದೆ. ಆದರೆ ಹೆಚ್ಚಾಗುತ್ತಾ ಅವು ಬೇಗ ಬೇಗ ಸಾಮಾನ್ಯ ರಕ್ತಕಣಗಳಾಗಿಬಿಡುತ್ತವೆ. ಬಿತ್ತುವ ಜೋಳ ಎಲ್ಲ ತಿನ್ನುವ ಜೋಳ ಆದ ಹಾಗೆ. ಚೀಲ ತುಂಬಿರುತ್ತದೆ, ಬೀಜ ಇರುವುದಿಲ್ಲ. ಬೀಜತನ ಉಳಿಸಿಕೊಂಡೇ ಸಂಖ್ಯೆ ಹೆಚ್ಚಿಸುವುದು ಹೇಗೆ ಅಂತ ಜಗತ್ತು ದಶಕಗಳಿಂದ ತಲೆ ಕೆಡಿಸಿಕೊಂಡಿದೆ.

ಇದಕ್ಕೆ ಸಿಕ್ಕ ಒಂದು ಉತ್ತರ ನನಗೆ ತುಂಬ ಇಷ್ಟ. ಜಪಾನಿನ ನಕಾವುಚಿ, ಯಮಝಾಕಿ ಮತ್ತು ಜೊತೆಗಾರರು ಇಲಿಯ ಸ್ಟೆಮ್ ಸೆಲ್ ಬೆಳೆಸುವಾಗ, ದ್ರವದಲ್ಲಿ ಹಾಕುತ್ತಿದ್ದ ರಕ್ತದ ಪ್ರೋಟೀನ್ ಆಲ್ಬುಮಿನ್‌ನಲ್ಲಿರುವ ಕಲ್ಮಷವೇ ಬೀಜತನ ಕೆಡಿಸುತ್ತಿದೆ ಅಂತ ಕಂಡರು. ಅದರ ಬದಲು ಪಾಲಿವಿನೈಲ್ ಆಲ್ಕೋಹಾಲ್ ಹಾಕಿದರು. ಮಕ್ಕಳು ಕಾಗದ ಅಂಟಿಸುವ ಗೋಂದಿನಲ್ಲಿ ಇರುವ ವಸ್ತು! 2019ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ನಾಲ್ಕು ವಾರದಲ್ಲಿ ಇಲಿಯ ಸ್ಟೆಮ್ ಸೆಲ್ ನೂರಾರು ಪಟ್ಟು ಹೆಚ್ಚಿದವು, ಬೀಜತನವೂ ಉಳಿಯಿತು. 2023ರಲ್ಲಿ ಬೇರೆ ಪಾಲಿಮರ್ ಬಳಸಿ ಮನುಷ್ಯರ ಬಳ್ಳಿಯ ರಕ್ತದ ಸ್ಟೆಮ್ ಸೆಲ್ಲನ್ನೂ ಸುಮಾರು ಒಂದು ತಿಂಗಳು ಹೀಗೆ ಬೆಳೆಸಿದರು. ಇದು ಇನ್ನೂ ಸಂಶೋಧನೆಯ ಮಾತು, ಆಸ್ಪತ್ರೆಯ ಮಾತಲ್ಲ.

ಆಸ್ಪತ್ರೆಗೆ ಬಂದದ್ದು ಬಳ್ಳಿಯ ರಕ್ತವನ್ನು ಹೆಚ್ಚಿಸಿದ ಔಷಧ, ಓಮಿಸರ್ಜ್. ಒಂದು ಬಳ್ಳಿಯ ಸ್ಟೆಮ್ ಸೆಲ್ಲನ್ನು ಬಿ3 ವಿಟಮಿನ್ನಿನ ಒಂದು ರೂಪವಾದ ನಿಕೋಟಿನಮೈಡ್ ಜೊತೆ ಮೂರು ವಾರ ಬೆಳೆಸುತ್ತಾರೆ. 125 ರೋಗಿಗಳ ಪರೀಕ್ಷೆಯಲ್ಲಿ ಬಿಳಿ ಕಣ ಏಳಲು ಸಾಮಾನ್ಯವಾಗಿ 12 ದಿನ ಹಿಡಿಯಿತು, ಮಾಮೂಲಿ ಬಳ್ಳಿಯ ರಕ್ತಕ್ಕೆ 22 ದಿನ. ಹತ್ತು ದಿನ ಕಡಿಮೆ ಅಂದರೆ ಗಾಜಿನ ಕೋಣೆಯಲ್ಲಿ ಕೂತವರಿಗೆ ಅದು ಹತ್ತು ಯುಗ. ಅಮೆರಿಕ ಇದಕ್ಕೆ 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಆಗ ಕೊಟ್ಟದ್ದು ರಕ್ತದ ಕ್ಯಾನ್ಸರಿಗೆ ಮಾತ್ರ, 12 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರಿಗೆ ಮಾತ್ರ. 2023ರಲ್ಲಿ ಅಲ್ಲಿನ ಬೆಲೆ 3,38,000 ಡಾಲರ್ ಇತ್ತು. ನಮ್ಮ ಲೆಕ್ಕದಲ್ಲಿ ಎರಡೂವರೆ ಕೋಟಿ ರೂಪಾಯಿ ಮೀರಿದ್ದು, ಅದೂ ಆಸ್ಪತ್ರೆಯ ಖರ್ಚು ಬಿಟ್ಟು. ಕೆನಡಾದ ಮಾಂಟ್ರಿಯಲ್‌ನಲ್ಲಿ ಕಂಡುಹಿಡಿದ ಯುಎಂ171 ಎಂಬ ಅಣುವಿನಿಂದ ಬೆಳೆಸಿದ ಇನ್ನೊಂದಕ್ಕೆ 2025ರಲ್ಲಿ ಯುರೋಪಿನಲ್ಲಿ ಷರತ್ತಿನ ಒಪ್ಪಿಗೆ ಸಿಕ್ಕಿದೆ. ಆರು ವರ್ಷದ ಥಲಸ್ಸೀಮಿಯಾ ಹುಡುಗಿಗೆ ಇವೆರಡೂ ಅಲ್ಲ.

ಮೂರನೆಯದು ಆ ಫೋನಿನ ಸುದ್ದಿ. ಬಳ್ಳಿಯೂ ಬೇಡ, ದಾನಿಯೂ ಬೇಡ, ರೋಗಿಯ ಸ್ವಂತ ಚರ್ಮದ ಅಥವಾ ರಕ್ತದ ಸೆಲ್ಲನ್ನೇ ತೆಗೆದುಕೊಂಡು ಹಿಂದಕ್ಕೆ, ಭ್ರೂಣದ ಸ್ಥಿತಿಗೆ ಒಯ್ಯುವುದು. ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇಲಿಯಲ್ಲಿ, 2007ರಲ್ಲಿ ಮನುಷ್ಯರ ಸೆಲ್ಲಿನಲ್ಲಿ ಇದನ್ನು ತೋರಿಸಿ 2012ರಲ್ಲಿ ನೊಬೆಲ್ ಪಡೆದರು. ಹಾಗೆ ಹಿಂದಕ್ಕೆ ಹೋದ ಸೆಲ್ಲನ್ನು ಮತ್ತೆ ಮುಂದಕ್ಕೆ ನಡೆಸಿ ರಕ್ತದ ಸ್ಟೆಮ್ ಸೆಲ್ ಮಾಡಬೇಕು. ತಾಯಿಯ ಹೊಟ್ಟೆಯಲ್ಲಿ ಇವು ಮೊದಲು ಹುಟ್ಟುವುದು ಭ್ರೂಣದ ದೊಡ್ಡ ರಕ್ತನಾಳದ ಗೋಡೆಯಲ್ಲಿ. ಆ ದಾರಿಯನ್ನೇ ತಟ್ಟೆಯಲ್ಲಿ ಹೆಜ್ಜೆ ಹೆಜ್ಜೆಯಾಗಿ ಅನುಕರಿಸಬೇಕು. ಯಾವ ದಿನ ಯಾವ ರಾಸಾಯನಿಕ, ಎಷ್ಟು ಹೊತ್ತು, ಎಲ್ಲ ಸರಿಹೋಗಬೇಕು. ಮೆಲ್ಬರ್ನಿನ ಮರ್ಡಾಕ್ ಮಕ್ಕಳ ಸಂಶೋಧನಾ ಸಂಸ್ಥೆಯ ಎಲಿಜಬೆತ್ ಎಂಗ್, ಎಡ್ ಸ್ಟ್ಯಾನ್ಲಿ, ಆಂಡ್ರ್ಯೂ ಎಲೆಫಾಂಟಿ ಅವರ ತಂಡ 2024ರಲ್ಲಿ ಇದನ್ನು ಮಾಡಿ ತೋರಿಸಿತು. ಸೆಲ್‌ಗಳನ್ನು ಹೆಪ್ಪುಗಟ್ಟಿಸಿ, ಕರಗಿಸಿ ಇಲಿಗೆ ಕೊಟ್ಟರು, ಮಜ್ಜೆಯಲ್ಲಿ ಹಿಡಿದವು. ಆ ವರದಿ ಓದಿದ ದಿನ ನನಗೆ ಕಣ್ಣು ತುಂಬಿತ್ತು. ಒಡಹುಟ್ಟಿಲ್ಲದ ಎಷ್ಟು ಮಕ್ಕಳ ಮುಖ ನೆನಪಾಯಿತೋ.

ಆದರೂ ತಂದೆಗೆ ನಾನು ಹೇಳಿದ್ದು, ಕಾಯಬೇಡಿ ಅಂತ. ಹಿಡಿದದ್ದು ಇಲಿಯಲ್ಲಿ, ಅದೂ ಎಲ್ಲ ಇಲಿಗಳಲ್ಲಿ ಅಲ್ಲ. ಮನುಷ್ಯರ ಮೇಲಿನ ಮೊದಲ ಪರೀಕ್ಷೆಗೇ ಸುಮಾರು ಐದು ವರ್ಷ ಬೇಕು ಅಂತ ಆ ತಂಡವೇ ಆಗ ಹೇಳಿತ್ತು. ಪರೀಕ್ಷೆ ಬೇರೆ, ಚಿಕಿತ್ಸೆ ಬೇರೆ. ಭ್ರೂಣದ ಸ್ಥಿತಿಗೆ ಹೋದ ಸೆಲ್ ಒಂದೆರಡು ಹಾಗೇ ಉಳಿದರೆ ಗಡ್ಡೆ ಆಗಬಹುದು, ಬೆಳೆಸುವಾಗ ಜೀನ್ ಕೆಡಬಹುದು. ಅದನ್ನೆಲ್ಲ ವರ್ಷಗಟ್ಟಲೆ ನೋಡಬೇಕು. ಇನ್ನೂ ಒಂದು ಮಾತು. ಸ್ವಂತ ಸೆಲ್ಲಿನಿಂದ ಮಾಡಿದರೆ ಥಲಸ್ಸೀಮಿಯಾದ ಜೀನನ್ನೂ ತಿದ್ದಬೇಕು.

ಅತ್ತ ಕಾಯುವುದು ಪುಕ್ಕಟೆ ಅಲ್ಲ. ಹಾಕಿಸುವ ಒಂದೊಂದು ರಕ್ತದ ಬ್ಯಾಗಿನಲ್ಲಿ 200 ಮಿಲಿಗ್ರಾಂ ಮೀರಿದ ಕಬ್ಬಿಣ ಇರುತ್ತದೆ. ದೇಹಕ್ಕೆ ಅದನ್ನು ಹೊರಹಾಕುವ ದಾರಿ ಇಲ್ಲ. ಯಕೃತ್ತಿನಲ್ಲಿ, ಹೃದಯದಲ್ಲಿ ಕೂರುತ್ತದೆ. ಹತ್ತು ವರ್ಷ ಕಾದರೆ ಆಗ ಯಾವ ಕಸಿಗೂ ಮೈ ತಡೆಯದೆ ಹೋಗಬಹುದು.

ಜೀನ್ ತಿದ್ದುವುದು

ರೋಗಿಯ ಸ್ವಂತ ಸ್ಟೆಮ್ ಸೆಲ್ ತೆಗೆದು ಲ್ಯಾಬಿನಲ್ಲಿ ಜೀನ್ ತಿದ್ದಿ ಹಿಂದಿರುಗಿಸುವ ಕ್ಯಾಸ್ಜೆವಿ ಎಂಬ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್ ಮೊದಲು ಒಪ್ಪಿಗೆ ಕೊಟ್ಟಿತು. ಸಿಕಲ್ ಸೆಲ್ (ಕೆಂಪು ಕಣ ಕುಡುಗೋಲಿನಂತೆ ಬಾಗುವ, ಹುಟ್ಟಿನಿಂದ ಬರುವ ರೋಗ) ಮತ್ತು ಥಲಸ್ಸೀಮಿಯಾ ಎರಡಕ್ಕೂ. ದಾನಿ ಬೇಡ, ಜಿವಿಎಚ್‌ಡಿ ಇಲ್ಲ. ಆದರೆ ಕೀಮೋ ತಪ್ಪುವುದಿಲ್ಲ, ಮುಂದೆ ಮಕ್ಕಳಾಗುವ ಶಕ್ತಿಗೆ ಅದರಿಂದ ಬರುವ ಅಪಾಯವೂ ತಪ್ಪುವುದಿಲ್ಲ. ಅಮೆರಿಕದಲ್ಲಿ ಬೆಲೆ 22 ಲಕ್ಷ ಡಾಲರ್. ನಮ್ಮದೇ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್-ಐಜಿಐಬಿ ಸಿಕಲ್ ಸೆಲ್‌ಗೆ ಬಿರ್ಸಾ 101 ಎಂಬ ಜೀನ್ ತಿದ್ದುವ ಚಿಕಿತ್ಸೆಯನ್ನು ರೂಪಿಸಿ, ತಂತ್ರಜ್ಞಾನವನ್ನು ಪುಣೆಯ ಸೀರಂ ಇನ್‌ಸ್ಟಿಟ್ಯೂಟಿಗೆ ಕೊಟ್ಟಿದೆ. ನನಗೆ ನಿಜವಾದ ಆಸೆ ಇರುವುದು ಇಲ್ಲಿ. ನಮ್ಮ ಜನರ ಕೈಗೆ ಎಟಕುವ ಬೆಲೆಗೆ ಬರಲಿ.

ಕ್ಲಿನಿಕ್ಕಿನ ಬೋರ್ಡು ನೋಡಿ ಮೋಸಹೋಗಬೇಡಿ

'ಲ್ಯಾಬಿನಲ್ಲಿ ಬೆಳೆಸಿದ ಸ್ಟೆಮ್ ಸೆಲ್' ಅಂತ ಮಂಡಿನೋವಿಗೆ, ಆಟಿಸಂಗೆ, ಸಕ್ಕರೆ ಕಾಯಿಲೆಗೆ ಇಂಜೆಕ್ಷನ್ ಮಾರುವವರು ಇದ್ದಾರೆ. ಐಸಿಎಂಆರ್ ಪ್ರಕಾರ ಸ್ಟೆಮ್ ಸೆಲ್ ಈ ದೇಶದಲ್ಲಿ ಮಾಮೂಲಿ ಚಿಕಿತ್ಸೆಯಾಗಿ ಒಪ್ಪಿತವಾಗಿರುವುದು ರಕ್ತದ ಸ್ಟೆಮ್ ಸೆಲ್ ಕಸಿ, ಅದೂ ಅದಕ್ಕೆಂದೇ ಪಟ್ಟಿ ಮಾಡಿದ ರೋಗಗಳಿಗೆ. ಉಳಿದದ್ದು ನೋಂದಾಯಿಸಿದ ಪರೀಕ್ಷೆಯ ಒಳಗೆ ಮಾತ್ರ. ನಿಜವಾದ ಪರೀಕ್ಷೆಯಲ್ಲಿ ಪರೀಕ್ಷಿಸುವ ಔಷಧಕ್ಕೆ ರೋಗಿಯಿಂದ ಹಣ ಕೇಳುವುದಿಲ್ಲ. ಹಣ ಕೇಳಿದರೆ ಎದ್ದು ಬನ್ನಿ.

ಹಾಗಾದರೆ ಯಾರಿಗೆ ಯಾವುದು?

ಥಲಸ್ಸೀಮಿಯಾದ ಪುಟ್ಟ ಮಗು, ಹೊಂದುವ ಒಡಹುಟ್ಟು ಇದೆ: ಯಕೃತ್ತು ಚೆನ್ನಾಗಿರುವಾಗಲೇ ಕಸಿ ಮಾಡಿಸಿ. ಹೊಂದುವವರಿಲ್ಲ: ನೋಂದಣಿಯಲ್ಲಿ ಹುಡುಕಿಸಿ, ಕಬ್ಬಿಣ ಇಳಿಸುವ ಮಾತ್ರೆ ಒಂದು ದಿನವೂ ತಪ್ಪಿಸದೆ ಕೊಡಿ, ಅನುಭವ ಇರುವ ಕೇಂದ್ರದಲ್ಲಿ ಅರ್ಧ ಹೊಂದಾಣಿಕೆಯ ಮಾತು ಕೇಳಿ. ಈ ಗುಂಪಿನವರಿಗೆ ಮಾತ್ರ ಮುಂದಿನ ಹತ್ತು ವರ್ಷದಲ್ಲಿ ಲ್ಯಾಬಿನ ಹೊಸ ದಾರಿಗಳು ಅರ್ಥ ಪಡೆಯಬಹುದು, ಮೈಯನ್ನು ಅಷ್ಟು ದಿನ ಚೆನ್ನಾಗಿ ಉಳಿಸಿಕೊಂಡರೆ. ರಕ್ತದ ಕ್ಯಾನ್ಸರ್, ದೊಡ್ಡವರು: ಒಡಹುಟ್ಟು, ಇಲ್ಲದಿದ್ದರೆ ಬೇಗ ಸಿಗುವ ದಾನಿ. ಮೈಲೋಮಾ (ಮಜ್ಜೆಯ ಪ್ಲಾಸ್ಮಾ ಸೆಲ್‌ಗಳ ಕ್ಯಾನ್ಸರ್) ಆದರೆ ಇದ್ಯಾವ ಚಿಂತೆಯೂ ಬೇಡ, ಅಲ್ಲಿ ಸಾಮಾನ್ಯವಾಗಿ ಸ್ವಂತ ಸೆಲ್ಲನ್ನೇ ತೆಗೆದಿಟ್ಟು ವಾಪಸ್ ಕೊಡುತ್ತಾರೆ.

ಹಣ ತೀರಾ ಕಡಿಮೆ ಇದ್ದವರಿಗೆ ಇನ್ನೊಂದು ಮಾತು. ಎಚ್‌ಎಲ್‌ಎ ಪರೀಕ್ಷೆಗೇ ಕುಟುಂಬದ ಎಲ್ಲರಿಗೂ ಸೇರಿ ಹತ್ತಾರು ಸಾವಿರ ಆಗುತ್ತದೆ. ಥಲಸ್ಸೀಮಿಯಾ ಕುಟುಂಬಗಳಿಗೆ ಡಿಕೆಎಂಎಸ್ ಶಿಬಿರಗಳಲ್ಲಿ ಇದನ್ನು ಉಚಿತವಾಗಿ ಮಾಡುತ್ತದೆ. ಜಮೀನು ಅಡವಿಡುವ ಮೊದಲು ಅದನ್ನು ವಿಚಾರಿಸಿ. ಬರುವಾಗ ಮೈಯಲ್ಲಿ ಕೂತ ಕಬ್ಬಿಣ ತೋರಿಸುವ ಹಳೆಯ ಎಲ್ಲ ಫೆರಿಟಿನ್ ವರದಿ, ರಕ್ತ ಹಾಕಿಸಿದ ಲೆಕ್ಕದ ಪುಸ್ತಕ, ಆದಾಯ ಪತ್ರ, ರೇಷನ್ ಕಾರ್ಡು ತನ್ನಿ. ಒಡಹುಟ್ಟಿದವರನ್ನು ಊರಲ್ಲಿ ಬಿಟ್ಟು ಬರಬೇಡಿ.

ಅಫಜಲಪುರದ ತಂದೆ ಹಾಗೇ ಬಿಟ್ಟು ಬಂದಿದ್ದರು. ಮೂರು ವರ್ಷದ ಮಗ ಅಜ್ಜಿಯ ಹತ್ತಿರ ಇದ್ದ. ಮೈನರ್ ಇದೆ, ಉಪಯೋಗ ಇಲ್ಲ ಅಂತ ಅವರಿಗೆ ಯಾರೋ ಹೇಳಿದ್ದರು. ಅವತ್ತೇ ಫೋನು ಮಾಡಿಸಿದೆ. ಬುಧವಾರ ಅಜ್ಜಿ ಮೊಮ್ಮಗನನ್ನು ಕರೆದುಕೊಂಡು ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ದಾದರಿಗೆ ಬಂದು ಇಳಿದರು. ಎಚ್‌ಎಲ್‌ಎ ಪರೀಕ್ಷೆಗೆ ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ತಿರುಗಿಸುವಾಗ ಹುಡುಗ ಅಳಲಿಲ್ಲ, ಅಕ್ಕನ ಕೈ ಹಿಡಿದುಕೊಂಡಿದ್ದ. ವರದಿಗೆ ಇನ್ನು ಎರಡು ವಾರ.